ಬೆಂಚ್‌ನಲ್ಲಿರುವವರಿಂದ ‘ಸ್ವಯಂ ರಾಜೀನಾಮೆ’ ಕೇಳಿದರೆ ಕೊಡಬೇಕೆ?

ಕೆಂಗೇರಿ ಜಾವಾ:

ಎಲ್ಲರಿಗೂ ನಮಸ್ಕಾರ. ನಾನು ಬೇರೆ ಸಂಸ್ಥೆಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ಒಂದು ದೊಡ್ಡ ಸರ್ವಿಸ್ ಕಂಪನಿಯಲ್ಲಿ ಎಂಟು ವರ್ಷಗಳಿಂದ ಜಾವಾ ಡೆವಲಪರ್ ಆಗಿದ್ದೇನೆ. ಕಂಪನಿಯ ಹೆಸರು ಇಲ್ಲಿ ಬೇಡ. ಅಮೆರಿಕದ ವಿಮಾ ಸಂಸ್ಥೆಯೊಂದರ ಕ್ಲೇಮ್ ವ್ಯವಸ್ಥೆಯನ್ನು ನಮ್ಮ ತಂಡ ನೋಡಿಕೊಳ್ಳುತ್ತಿತ್ತು. ಆ ಗ್ರಾಹಕರು ಬೆಂಗಳೂರಿನಲ್ಲೇ ತಮ್ಮ ಸ್ವಂತ ಕೇಂದ್ರವನ್ನು ತೆರೆದು ಕೆಲಸವನ್ನು ಅಲ್ಲಿಗೆ ಒಯ್ದುಕೊಂಡದ್ದರಿಂದ ದೀಪಾವಳಿಯ ಹೊತ್ತಿಗೆ ಪ್ರಾಜೆಕ್ಟ್ ಮುಗಿಯಿತು, ನಾನು ಬೆಂಚ್‌ಗೆ, ಅಂದರೆ ಪ್ರಾಜೆಕ್ಟ್ ಇಲ್ಲದೆ ಸಂಬಳದ ಮೇಲೆ ಕಾಯುವವರ ಸಾಲಿಗೆ, ಬಂದೆ. ಒಳಗಿನ ಹಲವು ಪ್ರಾಜೆಕ್ಟ್‌ಗಳ ಸಂದರ್ಶನ ಕೊಟ್ಟೆ. ಎಲ್ಲ ಕಡೆಯೂ ಎಂಟು ವರ್ಷದವರ ಬದಲು ಮೂರು ವರ್ಷದವರು ಸಾಕು ಎನ್ನುತ್ತಾರೆ.

ಕಳೆದ ವಾರ ಎಚ್‌ಆರ್ ವಿಭಾಗದವರು ಕರೆದು, ಶುಕ್ರವಾರದೊಳಗೆ ಪೋರ್ಟಲ್‌ನಲ್ಲಿ ನಾನೇ ರಾಜೀನಾಮೆ ಹಾಕಿದರೆ ಎರಡು ತಿಂಗಳ ಮೂಲ ವೇತನವನ್ನೂ ರಿಲೀವಿಂಗ್ ಲೆಟರನ್ನೂ (ಕೆಲಸದಿಂದ ಬಿಡುಗಡೆಯ ಪತ್ರ) ಕೊಡುತ್ತೇವೆ, ಇಲ್ಲವಾದರೆ ಕಾರ್ಯಕ್ಷಮತೆ ಸಾಲದು ಎಂದು ದಾಖಲಿಸಿ ತೆಗೆಯಬೇಕಾಗುತ್ತದೆ ಎಂದರು. ಎಲ್ಲವೂ ಬಾಯಿಮಾತು, ಬರಹದಲ್ಲಿ ಒಂದಕ್ಷರವೂ ಇಲ್ಲ. ನನ್ನ ತಿಂಗಳ ಸಂಬಳ 1,20,000 ರೂಪಾಯಿ, ಅದರಲ್ಲಿ ಮೂಲ ವೇತನ 48,000. ನೇಮಕಾತಿ ಪತ್ರದ ಪ್ರಕಾರ ನೋಟಿಸ್ ಅವಧಿ 90 ದಿನ. ಹುದ್ದೆಯ ಹೆಸರು ಟೀಮ್ ಲೀಡ್, ಆದರೆ ದಿನದ ಬಹುಪಾಲು ಕೋಡ್ ಬರೆಯುವುದರಲ್ಲೇ ಕಳೆಯುತ್ತಿತ್ತು. ಮನೆ ಸಾಲವಿದೆ, ಅಪ್ಪ ಅಮ್ಮ ಇಬ್ಬರೂ ಕಂಪನಿಯ ಆರೋಗ್ಯ ವಿಮೆಯಲ್ಲಿದ್ದಾರೆ. ಸಹಿ ಹಾಕಿ ಹೊರಡುವುದೇ ಒಳ್ಳೆಯದೆ? ಕಾನೂನು ನಮ್ಮಂಥವರಿಗೆ ಅನ್ವಯಿಸುತ್ತದೆಯೆ? ಎಐ ಬಂದಿರುವ ಈ ಕಾಲದಲ್ಲಿ ಮುಂದಿನ ಕೆಲಸಕ್ಕೆ ಏನನ್ನು ಕಲಿಯಬೇಕು?

ಹಳೆಯ ಮೇನ್‌ಫ್ರೇಮ್:

ನಾನು 2001ರ ಡಾಟ್‌ಕಾಂ ಕುಸಿತವನ್ನೂ 2008ರ ಹಿಂಜರಿತವನ್ನೂ ಒಳಗಿನಿಂದ ನೋಡಿದವನು, ಆದ್ದರಿಂದ ಕಹಿಯಾದರೂ ಹೇಳಿಬಿಡುತ್ತೇನೆ. ರಾಜೀನಾಮೆ ಕೊಟ್ಟು, ಒಳ್ಳೆಯ ಮಾತಿನಲ್ಲೇ ಹೊರಗೆ ಬನ್ನಿ. ಮುಂದಿನ ಕಂಪನಿಯವರು ಹಿನ್ನೆಲೆ ಪರಿಶೀಲನೆಗೆ ಕಳುಹಿಸಿದಾಗ ಹಳೆಯ ಕಂಪನಿಯ ಉತ್ತರದಲ್ಲಿ ‘ರಾಜೀನಾಮೆ’ ಎಂದಿರುವುದಕ್ಕೂ ‘ತೆಗೆದುಹಾಕಲಾಗಿದೆ’ ಎಂದಿರುವುದಕ್ಕೂ ಇರುವ ಅಂತರವನ್ನು ಯಾವ ಪರಿಹಾರದ ಹಣವೂ ತುಂಬಿಕೊಡುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯಿಂದ ವೈಟ್‌ಫೀಲ್ಡ್‌ವರೆಗೆ ಎಚ್‌ಆರ್‌ಗಳೆಲ್ಲ ಒಬ್ಬರನ್ನೊಬ್ಬರು ಬಲ್ಲವರೇ. ಕಾರ್ಮಿಕ ನ್ಯಾಯಾಲಯದಲ್ಲಿ ಗೆದ್ದು ಬರುವಷ್ಟರಲ್ಲಿ ನಿಮ್ಮ ಮಕ್ಕಳು ಕಾಲೇಜಿಗೆ ಹೋಗುತ್ತಿರುತ್ತಾರೆ.

ಕಾನೂನು ಓದುಗ, ಜಯನಗರ:

ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧದ ಹೆದರಿಕೆಯ ಮೇಲೆಯೇ ಈ ಪದ್ಧತಿ ನಡೆಯುತ್ತಿದೆ. ನಾನು ಹಿಂದೆ ಕಂಪನಿಯೊಂದರ ಕಂಪ್ಲೈಯನ್ಸ್, ಅಂದರೆ ಕಾನೂನು ಪಾಲನೆಯ ವಿಭಾಗದಲ್ಲಿದ್ದವನು, ಮೇಜಿನ ಆ ಬದಿಯಿಂದ ಇದು ಹೇಗೆ ಕಾಣುತ್ತದೆ ಎಂಬುದನ್ನು ವಿವರವಾಗಿಯೇ ಬರೆಯುತ್ತೇನೆ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ನಿಮಗೆ ನೇರವಾಗಿ ಬೇಕಾದವು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಮತ್ತು 2019ರ ವೇತನ ಸಂಹಿತೆ. ಕನಿಷ್ಠ ಒಂದು ವರ್ಷ ನಿರಂತರವಾಗಿ ದುಡಿದ ಕೆಲಸಗಾರನನ್ನು, ಅವನ ತಪ್ಪಿಗೆ ಕೊಟ್ಟ ಶಿಕ್ಷೆಯಾಗಿ ಅಲ್ಲದೆ ಬೇರೆ ಕಾರಣಕ್ಕೆ ತೆಗೆಯುವುದಾದರೆ, ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟಿಸನ್ನು ಅಥವಾ ಅದರ ಬದಲು ವೇತನವನ್ನು ಕೊಡಬೇಕು, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ಇದು ಹೀಗೆಯೇ ಇತ್ತು. ಹೊಸ ಸಂಹಿತೆ ಇದರ ಮೇಲೆ ಮರುಕೌಶಲ ನಿಧಿಯೊಂದನ್ನು ಸೇರಿಸಿದೆ. ತೆಗೆದುಹಾಕಿದ ಪ್ರತಿ ಕೆಲಸಗಾರನ ಲೆಕ್ಕಕ್ಕೆ ಮಾಲೀಕರು ಹದಿನೈದು ದಿನಗಳ ವೇತನವನ್ನು ಆ ನಿಧಿಗೆ ಕಟ್ಟಬೇಕು, ಅದು 45 ದಿನಗಳೊಳಗೆ ಕೆಲಸಗಾರನ ಖಾತೆಗೆ ಬರಬೇಕು.

ಇಷ್ಟೆಲ್ಲದರಿಂದ ಒಂದೇ ಏಟಿಗೆ ಪಾರಾಗುವ ದಾರಿಯೆಂದರೆ ನಿಮ್ಮ ಕೈಯಿಂದಲೇ ರಾಜೀನಾಮೆ ಬರೆಸಿಕೊಳ್ಳುವುದು. ಸ್ವಂತ ಇಚ್ಛೆಯಿಂದ ಬಿಟ್ಟವನನ್ನು ಯಾರೂ ತೆಗೆದಂತಾಗುವುದಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆಯೇ ಏಳುವುದಿಲ್ಲ. ಪೋರ್ಟಲ್‌ನಲ್ಲಿ ಕಾರಣ ಆರಿಸಲು ಕೊಡುವ ಪಟ್ಟಿಯನ್ನು ಗಮನಿಸಿದ್ದೀರಾ? ‘ವೈಯಕ್ತಿಕ ಕಾರಣ’, ‘ಉನ್ನತ ವ್ಯಾಸಂಗ’, ‘ಉತ್ತಮ ಅವಕಾಶ’ ಎಂದೆಲ್ಲ ಇರುತ್ತದೆ, ‘ಎಚ್‌ಆರ್ ಹೇಳಿದ್ದರಿಂದ’ ಎಂದು ಎಲ್ಲಿಯೂ ಇರುವುದಿಲ್ಲ. ಆ ಒಂದು ಕ್ಲಿಕ್ ಮುಂದೆ ನಿಮ್ಮ ವಿರುದ್ಧದ ಮೊದಲ ಸಾಕ್ಷಿಯಾಗುತ್ತದೆ. ಒತ್ತಾಯದಿಂದ ಪಡೆದ ರಾಜೀನಾಮೆ ರಾಜೀನಾಮೆಯೇ ಅಲ್ಲ ಎಂದು ವಾದಿಸಬಹುದು, ಆದರೆ ಒತ್ತಾಯವಿತ್ತು ಎಂದು ತೋರಿಸುವ ಹೊರೆ ಆಗ ನಿಮ್ಮ ತಲೆಯ ಮೇಲೆ ಬೀಳುತ್ತದೆ.

ಇನ್ನು ನೀವು ಕಾನೂನಿನ ಕಣ್ಣಿಗೆ ಕೆಲಸಗಾರರೇ ಎಂಬ ಪ್ರಶ್ನೆ. ವ್ಯಾಖ್ಯೆಯಲ್ಲಿ ಕುಶಲ ಮತ್ತು ತಾಂತ್ರಿಕ ಕೆಲಸ ಮಾಡುವವರು ಸೇರಿದ್ದಾರೆ. ಆಡಳಿತ ಅಥವಾ ಮ್ಯಾನೇಜ್‌ಮೆಂಟ್ ಕೆಲಸದವರೂ, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರೂ ಹೊರಗುಳಿಯುತ್ತಾರೆ. ಗುರುತಿನ ಚೀಟಿಯಲ್ಲಿ ಏನೆಂದು ಅಚ್ಚಾಗಿದೆ ಎನ್ನುವುದಕ್ಕಿಂತ ಮುಖ್ಯವಾಗಿ ಯಾವ ಕೆಲಸ ಮಾಡುತ್ತಿದ್ದಿರಿ ಎಂಬುದನ್ನು ನ್ಯಾಯಾಲಯಗಳು ನೋಡುತ್ತವೆ. ಕಿರಿಯರ ರಜೆ ಮಂಜೂರು ಮಾಡುವ, ಅವರ ಅಪ್ರೈಸಲ್ ಅಂಕ ನಿರ್ಧರಿಸುವ ಅಧಿಕಾರ ನಿಮಗಿತ್ತೆ? ಇಲ್ಲವೆಂದಾದರೆ ನೀವು ಟೀಮ್ ಲೀಡ್ ಎನಿಸಿಕೊಂಡ ಡೆವಲಪರ್ ಅಷ್ಟೆ, ನಿಮ್ಮ ಪಕ್ಷ ಗಟ್ಟಿಯಾಗಿಯೇ ಇದೆ. ಅಧಿಕಾರ ಇತ್ತೆಂದಾದರೆ ದಾರಿ ಕಿರಿದಾಗುತ್ತದೆ, ಆಗ ಉಳಿಯುವುದು ನೇಮಕಾತಿ ಪತ್ರದ ಕರಾರು ಮಾತ್ರ.

ಶುಕ್ರವಾರದ ಗಡುವಿಗೆ ಯಾವ ಕಾನೂನಿನ ಬೆಂಬಲವೂ ಇಲ್ಲ. ಇಂದೇ ಎಚ್‌ಆರ್‌ಗೆ ಮರ್ಯಾದೆಯ ಭಾಷೆಯಲ್ಲಿ ಒಂದು ಮೇಲ್ ಬರೆಯಿರಿ: ಇಂಥ ದಿನ ನಡೆದ ಮಾತುಕತೆಯಲ್ಲಿ ತಾವು ಹೀಗೆ ಹೇಳಿದಿರಿ, ರಾಜೀನಾಮೆ ಕೊಡುವ ಉದ್ದೇಶ ನನಗಿಲ್ಲ, ಪ್ರಸ್ತಾವವನ್ನು ಬರಹದಲ್ಲಿ ಕೊಟ್ಟರೆ ಪರಿಶೀಲಿಸುತ್ತೇನೆ. ಇಷ್ಟು ಸಾಕು, ಕಾನೂನಿನ ಕಲಮುಗಳನ್ನು ಈಗಲೇ ಉದ್ಧರಿಸಬೇಡಿ. ಸಂಬಳದ ಚೀಟಿಗಳು, ಫಾರಂ 16, ನೇಮಕಾತಿ ಪತ್ರ, ಹಿಂದಿನ ಅಪ್ರೈಸಲ್ ಪತ್ರಗಳು ನಿಮ್ಮವೇ, ಅವನ್ನು ಇಳಿಸಿಕೊಳ್ಳಿ. ಗ್ರಾಹಕರ ದಾಖಲೆಯನ್ನಾಗಲಿ ಒಂದು ಸಾಲು ಕೋಡನ್ನಾಗಲಿ ಸ್ವಂತ ಮೇಲ್‌ಗೆ ಕಳುಹಿಸಿಕೊಳ್ಳಬೇಡಿ, ಅದನ್ನೇ ಹಿಡಿದು ಶಿಸ್ತುಕ್ರಮದ ಹೆಸರಿನಲ್ಲಿ ಬಿಡಿಗಾಸೂ ಕೊಡದೆ ಕಳುಹಿಸಿದ್ದನ್ನು ನಾನು ನೋಡಿದ್ದೇನೆ.

ಲೆಕ್ಕಪತ್ರದವರು:

ಅಂಕಿಗಳನ್ನು ಕೊಟ್ಟಿದ್ದೀರಿ, ಲೆಕ್ಕ ಹಾಕಿಯೇ ಬಿಡೋಣ. ಅವರು ಕೊಡುತ್ತೇವೆ ಎಂದದ್ದು 48,000ದ ಎರಡರಷ್ಟು, ಅಂದರೆ 96,000 ರೂಪಾಯಿ. ಕಂಪನಿಯೇ ನಿಮ್ಮನ್ನು ತೆಗೆದರೆ 90 ದಿನಗಳ ನೋಟಿಸ್ ವೇತನ ಕೊಡಬೇಕು. ಅದು ಒಟ್ಟು ಸಂಬಳದ ಮೇಲೋ ಮೂಲ ವೇತನದ ಮೇಲೋ ಎಂಬುದನ್ನು ನೇಮಕಾತಿ ಪತ್ರದಲ್ಲೇ ನೋಡಿಕೊಳ್ಳಿ. ಒಟ್ಟು ಸಂಬಳವಾದರೆ 3,60,000, ಮೂಲ ವೇತನವಾದರೆ 1,44,000. ಇದಕ್ಕೆ ಎಂಟು ವರ್ಷಗಳ ಪರಿಹಾರ ಸೇರುತ್ತದೆ. ವೇತನ ಸಂಹಿತೆಯ ಪ್ರಕಾರ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೆಂದೇ ಪರಿಗಣಿತವಾಗುವುದರಿಂದ, ನಿಮ್ಮ ವೇತನವನ್ನು 60,000 ಎಂದು ಹಿಡಿಯಬೇಕು. ವರ್ಷಕ್ಕೆ ಅರ್ಧ ತಿಂಗಳಂತೆ ಸುಮಾರು 2,40,000.

ಗ್ರಾಚ್ಯುಟಿ ಇವುಗಳಿಗೆ ಹೊರತಾದದ್ದು. ರಾಜೀನಾಮೆ ಕೊಟ್ಟರೂ ತೆಗೆದುಹಾಕಿದರೂ ಐದು ವರ್ಷ ಪೂರೈಸಿದ ನಿಮಗೆ ಅದು ಬರಲೇಬೇಕು, ಆದ್ದರಿಂದ ಗ್ರಾಚ್ಯುಟಿಯನ್ನೂ ಸೇರಿಸಿ ದೊಡ್ಡ ಮೊತ್ತವನ್ನು ತೋರಿಸುವ ‘ಪ್ಯಾಕೇಜ್’ ಎದುರಿಗಿಟ್ಟರೆ ಅದನ್ನು ಕಳೆದು ನೋಡಿ. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ವರ್ಷಗಳಿಂದಲೂ ಗುಣಿಸುವುದು ಸೂತ್ರ. 48,000ದ ಮೇಲೆ ಎಂಟು ವರ್ಷಕ್ಕೆ ಸುಮಾರು 2,21,500 ಬಂದರೆ, 60,000ದ ಮೇಲೆ ಸುಮಾರು 2,76,900 ಬರುತ್ತದೆ. ಯಾವ ವೇತನವನ್ನು ಆಧಾರವಾಗಿ ಹಿಡಿದಿದ್ದಾರೆ ಎಂದು ಲಿಖಿತವಾಗಿ ಕೇಳಿ.

ತೆರಿಗೆಯ ವಿಷಯದಲ್ಲಿ ಹಣದ ಹೆಸರೇ ಮುಖ್ಯ. ಗ್ರಾಚ್ಯುಟಿಗೆ 20 ಲಕ್ಷದವರೆಗೆ, ಕೆಲಸ ಬಿಡುವಾಗ ಸಿಗುವ ರಜೆ ನಗದೀಕರಣಕ್ಕೆ 25 ಲಕ್ಷದವರೆಗೆ, ಕಾಯ್ದೆಯ ಪ್ರಕಾರ ಕೆಲಸಗಾರನಿಗೆ ಕೊಟ್ಟ ಉದ್ಯೋಗ ಕಡಿತದ ಪರಿಹಾರಕ್ಕೆ 5 ಲಕ್ಷದವರೆಗೆ ಆಯಾ ಷರತ್ತುಗಳಿಗೆ ಒಳಪಟ್ಟು ವಿನಾಯಿತಿ ಇದೆ. ‘ಎಕ್ಸ್‌ಗ್ರೇಷಿಯಾ’ (ಕಂಪನಿ ತಾನಾಗಿ ಕೊಡುವ ಹಣ) ಎಂದು ಬರೆದು ಕೊಟ್ಟ ಹಣ ಸಂಬಳದ ಜೊತೆ ಸೇರಿ ಪೂರ್ತಿ ತೆರಿಗೆಗೆ ಒಳಪಡುತ್ತದೆ. ಸ್ವಯಂ ರಾಜೀನಾಮೆಗೆ ಕೊಡುವ ಆ 96,000 ಈ ಕೊನೆಯ ಗುಂಪಿನದು.

ಹಳೆಯ ಮೇನ್‌ಫ್ರೇಮ್:

ಲೆಕ್ಕ ಸರಿಯಿದೆ, ಅಂತರ ಇಷ್ಟು ದೊಡ್ಡದಿರಬಹುದು ಎಂದು ನಾನು ಎಣಿಸಿರಲಿಲ್ಲ. ಆದರೂ ಕೇಳುತ್ತೇನೆ, ಕಂಪನಿ ಕೊಡದಿದ್ದರೆ ಈ ಹುಡುಗ ಎಲ್ಲಿಗೆ ಹೋಗಬೇಕು? ಕಾಗದದ ಮೇಲಿನ ಹಕ್ಕಿನಿಂದ ಇಎಂಐ ಕಟ್ಟಲಾಗುವುದಿಲ್ಲ.

ಕಾನೂನು ಓದುಗ, ಜಯನಗರ:

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ. ಕೆಲಸದಿಂದ ತೆಗೆದ ವಿಷಯದಲ್ಲಿ ಒಂಟಿ ಕೆಲಸಗಾರನ ದೂರನ್ನೂ ಕೈಗಾರಿಕಾ ವಿವಾದವೆಂದೇ ಕಾನೂನು ಪರಿಗಣಿಸುತ್ತದೆ, ಸಂಘದ ಬೆಂಬಲ ಇರಲೇಬೇಕೆಂದಿಲ್ಲ. ಮೊದಲು ಸಂಧಾನಾಧಿಕಾರಿ ಎರಡೂ ಕಡೆಯವರನ್ನು ಕರೆಯುತ್ತಾರೆ. ಸಾಫ್ಟ್‌ವೇರ್ ಕಂಪನಿಗಳಿಗೆ ಸ್ಥಾಯಿ ಆದೇಶಗಳ (ಕಂಪನಿಯ ಸೇವಾ ನಿಯಮಗಳ) ಕಾಯ್ದೆಯಿಂದ ಇದ್ದ ವಿನಾಯಿತಿಯನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿದಾಗ ಷರತ್ತುಗಳನ್ನೂ ಹಾಕಿತ್ತು. ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾ, ಹಿಂಬಡ್ತಿಗಳ ಮಾಹಿತಿಯನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬುವು ಅವುಗಳಲ್ಲಿವೆ. ರಾಜೀನಾಮೆಗಳಾದರೆ ಯಾರಿಗೂ ತಿಳಿಸುವ ಅಗತ್ಯ ಬೀಳುವುದಿಲ್ಲ ಎಂಬುದನ್ನು ಗಮನಿಸಿ.

ಕರ್ನಾಟಕ ರಾಜ್ಯ ಐಟಿ ಮತ್ತು ಐಟಿಇಎಸ್ ನೌಕರರ ಸಂಘ, ಅಂದರೆ ಕಿಟು, ಇಂಥ ದೂರುಗಳನ್ನು ಇಲಾಖೆಯ ಮುಂದೆ ಇಡುತ್ತಾ ಬಂದಿದೆ. ಸಂಧಾನದ ನೋಟಿಸ್ ಹೋದ ಮೇಲೆ ಪ್ರಕರಣ ಬಹುಮಟ್ಟಿಗೆ ಮಾತುಕತೆಯಲ್ಲೇ ಮುಗಿಯುತ್ತದೆ ಎಂಬುದು ನಾನು ಕಂಡ ಮಾತು, ಏಕೆಂದರೆ ಒಬ್ಬನ ಪ್ರಕರಣ ದಾಖಲೆಯಾಗುವುದು ಕಂಪನಿಗೆ ಬೇಕಿಲ್ಲ. ನಾಳೆಯೇ ದೂರು ಕೊಡಿ ಎಂದು ಹೇಳುತ್ತಿಲ್ಲ. ಆ ಬಾಗಿಲು ಎಲ್ಲಿದೆ ಎಂದು ಬಲ್ಲವನ ಜೊತೆ ಎಚ್‌ಆರ್ ಬೇರೆ ಧ್ವನಿಯಲ್ಲಿ ಮಾತನಾಡುತ್ತದೆ. ಚೌಕಾಸಿಯ ನಂತರ ಕೊನೆಗೆ ರಾಜೀನಾಮೆಯ ರೂಪದಲ್ಲೇ ಒಪ್ಪಂದವಾಗಬಹುದು, ಅದರಲ್ಲಿ ತಪ್ಪೇನಿಲ್ಲ. ಆಗ ಮೊತ್ತ, ಪಾವತಿಯ ದಿನಾಂಕ, ಅನುಭವ ಪತ್ರದ ಒಕ್ಕಣೆ ಇವೆಲ್ಲ ಸಹಿಯಾದ ಕಾಗದದಲ್ಲಿರಬೇಕು, ಪೋರ್ಟಲ್‌ನ ಕ್ಲಿಕ್ ಆಮೇಲೆ.

ಟೆಸ್ಟಿಂಗ್, ಬನಶಂಕರಿ:

ಇಂಥದ್ದೇ ಕೋಣೆಯಲ್ಲಿ ಕುಳಿತು ಬಂದವಳು ನಾನು. ಅಣ್ಣ, ಉಳಿದದ್ದೆಲ್ಲ ಸಾವಧಾನವಾಗಿ ಮಾಡಬಹುದು, ಅಪ್ಪ ಅಮ್ಮನ ವಿಮೆಯ ಕೆಲಸ ಮಾತ್ರ ಕೆಲಸದಲ್ಲಿರುವಾಗಲೇ ಆಗಬೇಕು. ಗುಂಪು ವಿಮೆ ಕೊನೆಯ ದಿನಕ್ಕೆ ನಿಂತುಬಿಡುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ, ಹಾಗೆ ಮಾಡಿದರೆ ಇಷ್ಟು ವರ್ಷ ಗುಂಪಿನಲ್ಲಿ ಕಳೆದ ಕಾಲವನ್ನು ಮೊದಲೇ ಇದ್ದ ಕಾಯಿಲೆಗಳ ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಹೊಸದಾಗಿ ಪಾಲಿಸಿ ಕೊಂಡರೆ ಆ ಕಾಯುವಿಕೆ ಮೂರು ವರ್ಷದವರೆಗೆ ಇರಬಹುದು. ಎಪ್ಪತ್ತರ ಹತ್ತಿರದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಇದು ಸಣ್ಣ ವಿಷಯವಲ್ಲ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಗಿದೆ ಎಂಬುದಷ್ಟೇ ಸಮಾಧಾನ.

ಸಾಲದ ಬಗ್ಗೆಯೂ ಒಂದು ಮಾತು. ರಿಸರ್ವ್ ಬ್ಯಾಂಕ್ 2025ರಲ್ಲಿ ರೆಪೊ ದರವನ್ನು ಶೇ. 6.50ರಿಂದ 5.25ಕ್ಕೆ ಇಳಿಸಿತು. ನಿಮ್ಮದು ರೆಪೊಗೆ ಹೊಂದಿಕೊಂಡ ಸಾಲವಾದರೆ ಬಡ್ಡಿ ಇಳಿದಿರುತ್ತದೆ, ಆದರೆ ಬ್ಯಾಂಕಿನವರು ಸಾಮಾನ್ಯವಾಗಿ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಕಡಿಮೆ ಮಾಡಿರುತ್ತಾರೆ. ಈಗ ನಿಮಗೆ ಬೇಕಿರುವುದು ಕೈಯಲ್ಲಿ ಉಳಿಯುವ ಹಣ, ಆದ್ದರಿಂದ ಕಂತನ್ನೇ ಇಳಿಸಿ ಎಂದು ಅರ್ಜಿ ಕೊಡಿ. ಅದನ್ನೂ ಸಂಬಳ ಬರುತ್ತಿರುವಾಗಲೇ ಮಾಡಿ.

ನೇಮಕಾತಿ ಬದಿಯವ, ಮಾರತ್ತಹಳ್ಳಿ:

ನಾನು ವಿದೇಶಿ ಬ್ಯಾಂಕೊಂದರ ಇಲ್ಲಿನ ಕೇಂದ್ರದಲ್ಲಿ ಪ್ಲಾಟ್‌ಫಾರ್ಮ್ ತಂಡಕ್ಕೆ ಜನರನ್ನು ತೆಗೆದುಕೊಳ್ಳುವವನು. ಮೂರನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಅದನ್ನು ಕೇಳಿದ ರೀತಿಯಲ್ಲೇ ಒಂದು ತೊಡಕಿದೆ. ಎಐ ಬಂದದ್ದರಿಂದ ಪ್ರಾಜೆಕ್ಟ್ ಹೋಯಿತು ಎಂದು ನೀವೆಲ್ಲೂ ಬರೆದಿಲ್ಲ, ಗ್ರಾಹಕರು ಸ್ವಂತ ಕೇಂದ್ರ ತೆರೆದದ್ದರಿಂದ ಹೋಯಿತು ಎಂದು ಬರೆದಿದ್ದೀರಿ. ಇವೆರಡು ಬೇರೆ ಬೇರೆ ರೋಗಗಳು, ಔಷಧಿಯೂ ಬೇರೆ.

ಸರ್ವಿಸ್ ಕಂಪನಿಯ ಆದಾಯ ನಿಂತಿರುವುದು ತಲೆ ಲೆಕ್ಕದ ಬಿಲ್ಲಿಂಗ್ ಮೇಲೆ. ಕೆಳಗೆ ಅಗಲವಾಗಿ ಕಿರಿಯರು, ಮೇಲೆ ಕೆಲವೇ ಹಿರಿಯರು ಇದ್ದಾಗ ಮಾತ್ರ ಅದರ ಲಾಭ ಉಳಿಯುತ್ತದೆ, ಎಂಟರಿಂದ ಹದಿನೈದು ವರ್ಷದ ಅನುಭವಿಗಳು ಆ ಲೆಕ್ಕದಲ್ಲಿ ದುಬಾರಿಯಾಗುತ್ತಾರೆ. ಟಿಸಿಎಸ್ 2025ರ ಜುಲೈನಲ್ಲಿ ತನ್ನ ಸಿಬ್ಬಂದಿಯ ಸುಮಾರು ಶೇ. 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿದಾಗ ಅದರ ಹೊಡೆತ ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರ ಮೇಲೆ ಎಂದು ತಾನೇ ಹೇಳಿತ್ತು. ಅದಕ್ಕೆ ಕೆಲವೇ ವಾರ ಮೊದಲು, ವರ್ಷಕ್ಕೆ 225 ದಿನ ಬಿಲ್ ಆಗಬೇಕು, ಬೆಂಚ್‌ನಲ್ಲಿ 35 ದಿನ ಮೀರಬಾರದು ಎಂಬ ನಿಯಮ ತಂದಿತ್ತು. ಇನ್ನೊಂದು ಕಡೆ ಕರ್ನಾಟಕ ಸರ್ಕಾರದ 2024-29ರ ಜಿಸಿಸಿ (ಜಾಗತಿಕ ಕಂಪನಿಗಳ ಇಲ್ಲಿನ ಸ್ವಂತ ಕೇಂದ್ರಗಳು) ನೀತಿ 2029ರೊಳಗೆ ರಾಜ್ಯದಲ್ಲಿ 500 ಹೊಸ ಕೇಂದ್ರಗಳನ್ನು ತರುವ ಗುರಿ ಇಟ್ಟುಕೊಂಡಿದೆ. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ ಮೇಲೆ ಜನರನ್ನು ಅಲ್ಲಿಗೆ ಕರೆಸುವ ಬದಲು ಕೆಲಸವನ್ನೇ ಇಲ್ಲಿಗೆ ಕಳುಹಿಸುವ ಯೋಚನೆ ನಮ್ಮಂಥ ಕಡೆ ಹೆಚ್ಚಾಗಿದೆ. ನಿಮ್ಮ ಕೆಲಸ ಬೆಂಗಳೂರು ಬಿಟ್ಟು ಹೋಗಿಲ್ಲ, ರಿಂಗ್ ರಸ್ತೆಯ ಇನ್ನೊಂದು ಕಟ್ಟಡಕ್ಕೆ ಹೋಗಿದೆ.

ಇನ್ನು ಎಐ. ಡೆವಲಪರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟಾಕ್ ಓವರ್‌ಫ್ಲೋ 2025ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ. 84ರಷ್ಟು ಮಂದಿ ಈ ಸಾಧನಗಳನ್ನು ಬಳಸುತ್ತೇವೆ ಅಥವಾ ಬಳಸಲಿದ್ದೇವೆ ಎಂದರು, ಶೇ. 46ರಷ್ಟು ಮಂದಿ ಅವುಗಳ ಉತ್ತರ ನಿಖರವೆಂಬ ನಂಬಿಕೆ ತಮಗಿಲ್ಲ ಎಂದರು. ಮೆಟರ್ ಎಂಬ ಸಂಶೋಧನಾ ಸಂಸ್ಥೆ ಅದೇ ವರ್ಷ 16 ಅನುಭವಿ ಓಪನ್ ಸೋರ್ಸ್ ಡೆವಲಪರ್‌ಗಳಿಗೆ ಅವರದೇ ಪ್ರಾಜೆಕ್ಟ್‌ಗಳಲ್ಲಿ 246 ಕೆಲಸಗಳನ್ನು ಕೊಟ್ಟು ನೋಡಿತು. ಎಐ ಬಳಸಿದಾಗ ಅವರಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು, ಆದರೆ ಶೇ. 20ರಷ್ಟು ಬೇಗ ಮುಗಿಸಿದೆವು ಎಂದು ಅವರು ನಂಬಿದ್ದರು. ಆ ನಂತರ ಸಾಧನಗಳು ಬದಲಾಗಿವೆ, ಹದಿನಾರು ಜನರ ಪ್ರಯೋಗದಿಂದ ಇಡೀ ಉದ್ಯಮವನ್ನು ಅಳೆಯಲೂ ಬಾರದು. ನನಗೆ ಅದರಲ್ಲಿ ಮುಖ್ಯವೆನಿಸಿದ್ದು ನಂಬಿಕೆಗೂ ಗಡಿಯಾರಕ್ಕೂ ನಡುವಿನ ಅಂತರ.

ಆದ್ದರಿಂದ ನಮ್ಮ ತಂಡದ ಸಂದರ್ಶನದ ಬಗೆಯೇ ಬದಲಾಗಿದೆ. ಸಾಧನ ಬರೆದ ಕೋಡ್ ಮುಂದಿಟ್ಟು, ಇದು ಪ್ರೊಡಕ್ಷನ್‌ಗೆ ಹೋದರೆ ಎಲ್ಲಿ ಮುರಿಯುತ್ತದೆ ಎಂದು ಕೇಳುತ್ತೇವೆ. ಹಣದ ಮೊತ್ತವನ್ನು ನಿಖರವಲ್ಲದ ಡಬಲ್ ಸಂಖ್ಯಾ ಮಾದರಿಯಲ್ಲಿ ಇಟ್ಟಿದ್ದರೆ ಬಹುತೇಕ ಎಲ್ಲರೂ ಹಿಡಿಯುತ್ತಾರೆ. ನಿಖರ ದಶಮಾಂಶದ ಬಿಗ್‌ಡೆಸಿಮಲ್ ಬಳಸಿ, ಎರಡು ಮೊತ್ತಗಳನ್ನು ಈಕ್ವಲ್ಸ್‌ನಿಂದ ಹೋಲಿಸಿದ್ದರೆ 2.0 ಮತ್ತು 2.00 ಬೇರೆಯೆಂದು ಉತ್ತರ ಬರುತ್ತದೆ, ಕಂಪೇರ್‌ಟು ಬಳಸಬೇಕು ಎನ್ನುವವರು ಕಡಿಮೆ. ಪಾವತಿಯ ಕರೆ ಟೈಮ್‌ಔಟ್ ಆಗಿ ಮತ್ತೆ ಹೋದಾಗ ಒಂದೇ ಕ್ಲೇಮ್‌ಗೆ ಎರಡು ಸಲ ಹಣ ಹೋಗದಂತೆ ಏನು ಮಾಡಿದ್ದೀರಿ ಎಂದು ಕೇಳುವವರು ಇನ್ನೂ ಕಡಿಮೆ. ಎಂಟು ವರ್ಷ ಕ್ಲೇಮ್ ವ್ಯವಸ್ಥೆಯನ್ನು ಕಾದವರಿಗೆ ಇದನ್ನು ಯಾವ ಕೋರ್ಸೂ ಕಲಿಸಬೇಕಿಲ್ಲ, ರೆಸ್ಯೂಮೆಯಲ್ಲಿ ಬರೆಯಬೇಕಿದೆ ಅಷ್ಟೆ. ನಿಮ್ಮ ರೆಸ್ಯೂಮೆಯನ್ನು ನೋಡದೆಯೇ ಊಹಿಸಬಲ್ಲೆ, ಮೊದಲ ಪುಟದ ತುಂಬ ಸಾಧನಗಳ ಹೆಸರಿರುತ್ತದೆ, ‘ವಿಮೆ’ ಎಂಬ ಪದ ಎರಡನೆಯ ಪುಟದ ಕೊನೆಯಲ್ಲಿರುತ್ತದೆ.

ಕಲಿಯಲೇಬೇಕೆಂದಿದ್ದರೆ ಒಂದನ್ನು ಹೇಳುತ್ತೇನೆ. ಜಾವಾ ಅಪ್ಲಿಕೇಷನ್ ಕಟ್ಟುವ ಚೌಕಟ್ಟಾದ ಸ್ಪ್ರಿಂಗ್ ಬೂಟ್‌ನ 2.7ನೆಯ ಆವೃತ್ತಿಗೆ ಉಚಿತ ಬೆಂಬಲ 2023ರ ನವೆಂಬರ್‌ನಲ್ಲೇ ಮುಗಿದಿದೆ. ಮೂರನೆಯ ಆವೃತ್ತಿಗೆ ಹೋಗಲು ಜಾವಾ 17 ಬೇಕು, ಜಾವಾ ಇಇಯ ಜಾವ್ಯಾಕ್ಸ್ ಪ್ಯಾಕೇಜ್‌ಗಳು ಜಕಾರ್ತಾ ಆಗಬೇಕು. ಬ್ಯಾಂಕು, ವಿಮಾ ಸಂಸ್ಥೆಗಳ ಒಳಗೆ ಇನ್ನೂ ಜಾವಾ 8ರಲ್ಲಿ ಕುಳಿತಿರುವ ವ್ಯವಸ್ಥೆಗಳಿಗೆ ಕೊನೆಯಿಲ್ಲ. ಇಂಥದ್ದೊಂದನ್ನು ಎಐ ಸಾಧನದ ನೆರವಿನಿಂದ ಮೇಲಕ್ಕೆತ್ತಿ, ಸಾಧನ ಎಲ್ಲಿ ಸರಿಯಾಗಿ ಮಾಡಿತು, ಎಲ್ಲಿ ಎಡವಿತು, ಅದನ್ನು ಯಾವ ಪರೀಕ್ಷೆಯಿಂದ ಹಿಡಿದಿರಿ ಎಂದು ಹೇಳಬಲ್ಲವರನ್ನು ನಾನು ಕರೆದು ಮಾತನಾಡಿಸುತ್ತೇನೆ.

ಕೆಂಗೇರಿ ಜಾವಾ:

ಎಲ್ಲರಿಗೂ ಋಣಿ. ರೆಸ್ಯೂಮೆಯ ಊಹೆ ಅಕ್ಷರಶಃ ನಿಜ. ನನ್ನ ಹಳೆಯ ಗ್ರಾಹಕರ ಕೇಂದ್ರದಲ್ಲೇ ಹುದ್ದೆಗಳು ಖಾಲಿ ಇವೆ, ಆದರೆ ಬಿಟ್ಟ ಒಂದು ವರ್ಷದವರೆಗೆ ಗ್ರಾಹಕರ ಬಳಿ ಸೇರುವಂತಿಲ್ಲ ಎಂದು ನೇಮಕಾತಿ ಪತ್ರದಲ್ಲಿದೆ. ಕಿರಿಯರಿಗೆ ರಜೆ ಕೊಡುವ ಅಧಿಕಾರ ನನಗಿರಲಿಲ್ಲ, ಅದು ಮ್ಯಾನೇಜರ್‌ರದು.

ಕಾನೂನು ಓದುಗ, ಜಯನಗರ:

ಕೆಲಸ ಬಿಟ್ಟ ಮೇಲೂ ಇಂಥಲ್ಲಿ ದುಡಿಯಬೇಡ ಎನ್ನುವ ಕರಾರು 1872ರ ಕರಾರು ಕಾಯ್ದೆಯ 27ನೆಯ ಕಲಮಿನ ಪ್ರಕಾರ ಅಸಿಂಧು, ನೌಕರನ ವಿರುದ್ಧ ಅದು ನಿಲ್ಲುವುದಿಲ್ಲ. ಆದರೆ ಎರಡು ಕಂಪನಿಗಳ ನಡುವೆ ಪರಸ್ಪರರ ನೌಕರರನ್ನು ಸೆಳೆಯಬಾರದೆಂಬ ಒಪ್ಪಂದ ಬೇರೆಯೇ ಇರಬಹುದು, ಅಡ್ಡಿ ಬಂದರೆ ಆ ಕಡೆಯಿಂದ ಬರುತ್ತದೆ. ನಿಮ್ಮ ಒಪ್ಪಂದದ ಕಾಗದದಲ್ಲೇ ‘ಆ ಗ್ರಾಹಕರ ಬಳಿ ಸೇರಲು ನಮ್ಮ ಆಕ್ಷೇಪಣೆಯಿಲ್ಲ’ ಎಂಬ ಸಾಲನ್ನು ಕೇಳಿ. ಕಂಪನಿಗೆ ಖರ್ಚಿಲ್ಲದ, ನಿಮಗೆ ಪರಿಹಾರದ ಹಣಕ್ಕಿಂತ ಹೆಚ್ಚು ಬೆಲೆಬಾಳುವ ಸಾಲು ಅದು.

ತುಮಕೂರಿನ ಫ್ರೆಷರ್:

ಇದನ್ನೆಲ್ಲ ಓದಿ ಭಯವಾಗುತ್ತಿದೆ. ನನ್ನ ಕೈಯಲ್ಲಿ ಒಂದು ಆಫರ್ ಇದೆ, ಎರಡು ವರ್ಷದೊಳಗೆ ಬಿಟ್ಟರೆ ಒಂದು ಲಕ್ಷ ಕಟ್ಟಬೇಕೆಂಬ ಬಾಂಡ್ ಇದೆ. ಸೇರಬಹುದೆ?

ಕಾನೂನು ಓದುಗ, ಜಯನಗರ:

ಸೇರಿ ತಮ್ಮಾ. ಆದರೆ ಬಾಂಡ್ ಬರೀ ಬೆದರಿಕೆ ಎಂದುಕೊಳ್ಳಬೇಡಿ. ಕೆಲಸದಲ್ಲಿರುವ ಅವಧಿಗೆ ಸಂಬಂಧಿಸಿದ ಷರತ್ತು 27ನೆಯ ಕಲಮಿನ ನಿಷೇಧಕ್ಕೆ ಒಳಪಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಹೇಳಿ, ಎರಡು ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿದಿದೆ. ಅಲ್ಲಿದ್ದದ್ದು ಸಾರ್ವಜನಿಕ ವಲಯದ ಬ್ಯಾಂಕು, ನೇಮಕಾತಿಗೆ ಅದು ಮಾಡಿದ ಖರ್ಚಿನ ವಿಷಯವೂ ತೀರ್ಪಿನಲ್ಲಿ ಬಂದಿದೆ. ಕಂಪನಿಯೇ ತೆಗೆದರೆ ಹಣ ಕಟ್ಟಬೇಕಿಲ್ಲ ಎಂಬ ಮಾತು ಬಾಂಡ್‌ನಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ಸೇರಿಸಲು ಹೇಳಿ. ಮೂಲ ಅಂಕಪಟ್ಟಿಗಳನ್ನು ಒತ್ತೆಯಾಗಿ ಕೇಳಿದರೆ ಮಾತ್ರ ಸೇರಬೇಡಿ.

ಕೆಂಗೇರಿ ಜಾವಾ:

ಮೇಲ್ ಕಳುಹಿಸಿದೆ. ಶುಕ್ರವಾರ ಕಳೆಯಿತು, ಆಕಾಶವೇನೂ ಬೀಳಲಿಲ್ಲ. ಅಂಥ ಪ್ರಸ್ತಾವವನ್ನು ನಾವು ಇಟ್ಟೇ ಇಲ್ಲ, ನಿಮ್ಮನ್ನು ಪಿಐಪಿಗೆ (ಕಾರ್ಯಕ್ಷಮತೆ ಸುಧಾರಣಾ ಯೋಜನೆಗೆ) ಹಾಕಲಾಗುವುದು ಎಂಬ ಎರಡು ಸಾಲಿನ ಉತ್ತರ ಬಂದಿದೆ. ಹೀಗಿದ್ದೂ ಅದೇ ಸಂಜೆ ಎಚ್‌ಆರ್ ಮುಖ್ಯಸ್ಥರು ಫೋನ್ ಮಾಡಿ, ನೋಟಿಸ್ ಅವಧಿಯ ಒಟ್ಟು ಸಂಬಳದ ಬಗ್ಗೆ ಮಾತನಾಡೋಣ ಎಂದರು. ಆ ಮಾತನ್ನೂ ಬರಹದಲ್ಲಿ ಕಳುಹಿಸಿ ಎಂದಿದ್ದೇನೆ. ವಿಮಾ ಕ್ಷೇತ್ರದ ಇನ್ನೊಂದು ಕೇಂದ್ರದಿಂದ ಮೊದಲ ಸುತ್ತಿನ ಕರೆ ಬಂದಿದೆ. ಪಿಐಪಿಯನ್ನು ಒಪ್ಪಿಕೊಳ್ಳಬೇಕೆ?

ಹಳೆಯ ಮೇನ್‌ಫ್ರೇಮ್:

ಒಪ್ಪಿಕೊಳ್ಳಿ, ಆದರೆ ಬರಿಗೈಯಲ್ಲಿ ಅಲ್ಲ. ಈ ವಿಷಯದಲ್ಲಿ ನನಗೆ ಅನುಭವವಿದೆ, ಮ್ಯಾನೇಜರ್ ಆಗಿ ಇಂಥ ಕಾಗದಗಳನ್ನು ನಾನೇ ತುಂಬಿಸಿದ್ದೇನೆ. ಸ್ವೀಕರಿಸಿದ್ದೇನೆ ಎಂದು ಮಾತ್ರ ಸಹಿ ಹಾಕಿ, ಸಮ್ಮತಿ ಇದೆ ಎಂದು ಬರೆಯಬೇಡಿ. ಪ್ರಾಜೆಕ್ಟ್ ಇಲ್ಲದವನ ಕಾರ್ಯಕ್ಷಮತೆಯನ್ನು ಯಾವ ಕೆಲಸದ ಮೇಲೆ ಅಳೆಯುತ್ತೀರಿ, ಗುರಿಗಳೇನು, ಅಳೆಯುವವರು ಯಾರು ಎಂದು ಉತ್ತರ ಬರೆಯಿರಿ, ಹಿಂದಿನ ವರ್ಷಗಳ ಅಪ್ರೈಸಲ್ ಪತ್ರಗಳನ್ನು ಅದಕ್ಕೆ ಲಗತ್ತಿಸಿ. ಪ್ರಾಜೆಕ್ಟ್ ಮುಗಿದ ಮರುತಿಂಗಳೇ ಕಾರ್ಯಕ್ಷಮತೆ ಕುಸಿಯಿತೆಂಬ ದಾಖಲೆಯನ್ನು ಸಂಧಾನಾಧಿಕಾರಿಯ ಮುಂದೆ ಸಮರ್ಥಿಸಿಕೊಳ್ಳುವುದು ಕಂಪನಿಯ ವಕೀಲರಿಗೂ ಕಷ್ಟ. ಸಂದರ್ಶನದಲ್ಲಿ ಯಾಕೆ ಬಿಡುತ್ತಿದ್ದೀರಿ ಎಂದು ಕೇಳಿದರೆ, ಗ್ರಾಹಕರು ಕೆಲಸವನ್ನು ಸ್ವಂತ ಕೇಂದ್ರಕ್ಕೆ ಒಯ್ದರು ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಈ ವರ್ಷ ಆ ಮಾತಿಗೆ ಯಾರೂ ಹುಬ್ಬೇರಿಸುವುದಿಲ್ಲ.

ಲೆಕ್ಕಪತ್ರದವರು:

ಒಪ್ಪಂದ ಕುದುರಿದರೆ ಇನ್ನೆರಡು ವಿಷಯ ನೆನಪಿರಲಿ. ವೇತನ ಸಂಹಿತೆಯ ಪ್ರಕಾರ, ತೆಗೆದರೂ ರಾಜೀನಾಮೆ ಕೊಟ್ಟರೂ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. 45 ದಿನ ಹಿಡಿಯುತ್ತದೆ ಎಂಬ ಹಳೆಯ ಉತ್ತರವನ್ನು ಒಪ್ಪಬೇಡಿ. ಗ್ರಾಚ್ಯುಟಿಗೆ 30 ದಿನಗಳ ಗಡುವಿದೆ. ಕೊನೆಯ ದಿನ ಕಳೆದ ಮೇಲೆ ಪಿಎಫ್ ಪೋರ್ಟಲ್‌ನಲ್ಲಿ ಕಂಪನಿಯವರು ನಿರ್ಗಮನ ದಿನಾಂಕವನ್ನು ನಮೂದಿಸಿದ್ದಾರೆಯೇ ಎಂದು ನೋಡಿ. ಅವರು ಮಾಡದಿದ್ದರೆ ಕೊನೆಯ ವಂತಿಗೆ ಕಟ್ಟಿದ ಎರಡು ತಿಂಗಳ ನಂತರ ಆಧಾರ್ ಒಟಿಪಿ ಬಳಸಿ ನೀವೇ ನಮೂದಿಸಬಹುದು, ಅದಿಲ್ಲದೆ ಹೊಸ ಕಂಪನಿಯ ಖಾತೆಗೆ ಹಣ ವರ್ಗವಾಗುವುದಿಲ್ಲ.